17ರ ಹುಡುಗ, ಜೊತೆಗೆ ದೊಡ್ಡವರಿಬ್ಬರು, ಒಂದು ಚಾಕು: ಬಾಲ ನ್ಯಾಯ ಮಂಡಳಿಯಲ್ಲಿ ಏನಾಗುತ್ತದೆ?

ಪಂಚಾಯ್ತಿಕಟ್ಟೆ:
ನಮ್ಮ ಗ್ರಾಮ ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿಯಿಂದ ತಂದೆತಾಯಂದಿರಿಗೆ ಒಂದು ಕಿರು ಕೈಪಿಡಿ ಸಿದ್ಧವಾಗುತ್ತಿದೆ. ಅದಕ್ಕೆ ಒಂದು ಕಾಲ್ಪನಿಕ ಪ್ರಕರಣ ಇಟ್ಟುಕೊಂಡಿದ್ದೇವೆ. 8ನೇ ತರಗತಿಗೆ ಶಾಲೆ ಬಿಟ್ಟ, 17 ವರ್ಷ ದಾಟಿದ ಹುಡುಗ. ಇಪ್ಪತ್ತು ದಾಟಿದ ಇಬ್ಬರ ಜೊತೆ ಬೈಕಿನಲ್ಲಿ ಹೋಗುತ್ತಾನೆ. ರಾತ್ರಿ ದಾರಿಹೋಕರೊಬ್ಬರನ್ನು ಅಡ್ಡಗಟ್ಟಿ ಮೊಬೈಲು, ದುಡ್ಡು ಕಿತ್ತುಕೊಳ್ಳುತ್ತಾರೆ. ಚಾಕು ತೋರಿಸಿದವನು ದೊಡ್ಡವರಲ್ಲೊಬ್ಬ.

ಇಂಥ ಕಡೆ "16 ದಾಟಿದೆ, ಇನ್ನು ದೊಡ್ಡವರ ಹಾಗೇ ವಿಚಾರಣೆ" ಎಂದು ಠಾಣೆಯಲ್ಲಿ ಹೇಳಿಬಿಡುತ್ತಾರೆ. ನಿಜವೇ? ಮೊದಲ ದಿನ ಮನೆಯವರು ಏನು ಮಾಡಬೇಕು? ಜಾಮೀನು ಕೊಡುವವರೇ ಇಲ್ಲದಿದ್ದರೆ ಗತಿ ಏನು? ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಇದು ಅಡ್ಡ ಬರುತ್ತದೆಯೇ?

ಕರಿಕೋಟು:
16 ದಾಟಿದ ಮಾತ್ರಕ್ಕೆ ದೊಡ್ಡವರ ಹಾಗೆ ವಿಚಾರಣೆ ಆಗುವುದಿಲ್ಲ. ಅಪರಾಧ "ಘೋರ" ವರ್ಗಕ್ಕೆ ಸೇರಿದಾಗ ಮಾತ್ರ ಆ ಪ್ರಶ್ನೆ ಏಳುತ್ತದೆ. ಬಾಲ ನ್ಯಾಯ ಕಾಯ್ದೆ 2015ರ ಪ್ರಕಾರ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರುವುದು ಘೋರ ಅಪರಾಧ. ಗರಿಷ್ಠ ಶಿಕ್ಷೆ 7 ವರ್ಷ ದಾಟಿದ್ದರೂ ಕನಿಷ್ಠ ಶಿಕ್ಷೆ ಅಷ್ಟಿಲ್ಲದಿದ್ದರೆ ಅದು "ಗಂಭೀರ" ಅಪರಾಧವೇ ಹೊರತು ಘೋರವಲ್ಲ ಎಂದು 2020ರ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿದೆ.

ಈಗ ನಿಮ್ಮ ಉದಾಹರಣೆಗೆ ಬರೋಣ. ಭಾರತೀಯ ನ್ಯಾಯ ಸಂಹಿತೆಯ 309(4)ರ ಸುಲಿಗೆಗೆ 10 ವರ್ಷದವರೆಗೆ, ರಾತ್ರಿ ಹೊತ್ತು ಹೆದ್ದಾರಿಯಲ್ಲಾದರೆ 14 ವರ್ಷದವರೆಗೆ ಶಿಕ್ಷೆ. ಕನಿಷ್ಠ ಮಿತಿ ಇಲ್ಲ. ಹಾಗಾಗಿ ಗಂಭೀರ ವರ್ಗ. ಆದರೆ ಪೊಲೀಸರು 311 ಸೇರಿಸಿದರೆ ಲೆಕ್ಕವೇ ಬದಲಾಗುತ್ತದೆ. ಸುಲಿಗೆಯಲ್ಲಿ ಮಾರಕಾಸ್ತ್ರ ಬಳಸಿದರೆ 7 ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆ ಎನ್ನುತ್ತದೆ ಆ ಕಲಂ. ಒಂದು ಕಲಂ ಸೇರಿದ್ದಕ್ಕೇ ಹುಡುಗ ಘೋರ ಅಪರಾಧದ ಪಟ್ಟಿಗೆ ಹೋಗುತ್ತಾನೆ.

ವಕೀಲರು ಇಲ್ಲೇ ತಕರಾರು ಎತ್ತಬೇಕು. 311 ಹಳೆಯ ಐಪಿಸಿ 397ರ ಜಾಗಕ್ಕೆ ಬಂದದ್ದು. ಅಸ್ತ್ರ ಬಳಸಿದವನಿಗೆ ಮಾತ್ರ 397 ಅನ್ವಯ, ಜೊತೆಗಿದ್ದವರಿಗಲ್ಲ ಎಂದು 1975ರ ಫೂಲ್ ಕುಮಾರ್ ತೀರ್ಪಿನಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತಾ ಬಂದಿದೆ. ಚಾಕು ತೋರಿಸಿ ಹೆದರಿಸುವುದೂ "ಬಳಕೆ"ಯೇ, ನಿಜ. ಆದರೆ ತೋರಿಸಿದವನು ಹುಡುಗನಲ್ಲವಲ್ಲ. ಹಾಗಾಗಿ ದೂರಿನಲ್ಲಿ ಚಾಕು ಯಾರ ಕೈಯಲ್ಲಿತ್ತು ಎಂದು ಬರೆದಿರುವ ಸಾಲನ್ನು ಎಲ್ಲಕ್ಕಿಂತ ಮೊದಲು ಓದಿ. ಎಷ್ಟೋ ಎಫ್‌ಐಆರ್‌ಗಳಲ್ಲಿ "ಆರೋಪಿಗಳು ಚಾಕು ತೋರಿಸಿ" ಎಂದು ಎಲ್ಲರನ್ನೂ ಒಟ್ಟಿಗೆ ಸೇರಿಸಿ ಬರೆದಿರುತ್ತಾರೆ. 18 ತುಂಬದವರ ಪ್ರಕರಣ ನಡೆಸುವ ಬಾಲ ನ್ಯಾಯ ಮಂಡಳಿಯ ಮುಂದೆ ಮೊದಲ ಹಾಜರಿಯಲ್ಲೇ ಇದನ್ನು ಲಿಖಿತವಾಗಿ ಎತ್ತದಿದ್ದರೆ ಪ್ರಕರಣ ಸುಮ್ಮನೆ ಬಾಲ ನ್ಯಾಯ ಕಾಯ್ದೆಯ 15ನೇ ಕಲಂನ ಪ್ರಾಥಮಿಕ ಮೌಲ್ಯಮಾಪನದ (ದೊಡ್ಡವರ ಹಾಗೆ ವಿಚಾರಣೆ ಮಾಡಬೇಕೇ ಎಂದು ಮಂಡಳಿ ನೋಡುವ ಹಂತ) ದಾರಿ ಹಿಡಿಯುತ್ತದೆ.

ಇನ್ನೊಂದು ವಿಷಯ: 23ನೇ ಕಲಂ ಪ್ರಕಾರ ಹುಡುಗನನ್ನು ದೊಡ್ಡವರ ಜೊತೆ ಸೇರಿಸಿ ವಿಚಾರಣೆ ಮಾಡುವಂತಿಲ್ಲ. ಅವರಿಬ್ಬರ ಪ್ರಕರಣ ಮಾಮೂಲಿ ನ್ಯಾಯಾಲಯದಲ್ಲಿ, ಇವನದು ಮಂಡಳಿಯಲ್ಲಿ.

ಪರಿವೀಕ್ಷಣೆ:
ಮೊದಲ 24 ಗಂಟೆಯ ಬಗ್ಗೆ ಬರೆಯುತ್ತೇನೆ. ಹೆಚ್ಚು ಕೆಡುವುದು ಅಲ್ಲೇ.

ಲಾಕಪ್ ಇಲ್ಲ, ಕೈಕೋಳ ಇಲ್ಲ, ಯಾವ ಹೇಳಿಕೆಗೂ ಹುಡುಗನ ಸಹಿ ಹಾಕಿಸಿಕೊಳ್ಳುವಂತಿಲ್ಲ. ಇವು 2016ರ ಮಾದರಿ ನಿಯಮಗಳ 8ನೇ ನಿಯಮದಲ್ಲೇ ಇವೆ. ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರೆಂದು ಕೇಳಿ, ಅವರ ಜೊತೆಗೇ ಮಾತಾಡಿ. ವಿಚಾರಿಸುವಾಗ ತಂದೆ ಅಥವಾ ತಾಯಿ ಪಕ್ಕದಲ್ಲಿ ಇರಬಹುದು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿ ಕೂರದ ದಿನವಾದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ನಡೆಯುತ್ತದೆ. "ಸೋಮವಾರ ನೋಡೋಣ" ಎಂದು ಹುಡುಗನನ್ನು ಠಾಣೆಯಲ್ಲೇ ಇಟ್ಟುಕೊಳ್ಳುವಂತಿಲ್ಲ.

ಜಾಮೀನಿನ ವಿಷಯದಲ್ಲಿ 12ನೇ ಕಲಂ ತುಂಬಾ ಸ್ಪಷ್ಟ. ಜಾಮೀನುದಾರರು ಇದ್ದರೂ ಇಲ್ಲದಿದ್ದರೂ ಬಿಡಬಹುದು. ಅಪರಾಧ ಎಷ್ಟು ದೊಡ್ಡದು ಎಂಬುದೊಂದೇ ನಿರಾಕರಣೆಗೆ ಕಾರಣವಾಗದು. ಬಿಟ್ಟರೆ ಅಪರಾಧಿಗಳೆಂದು ಗೊತ್ತಿರುವವರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಾಗುತ್ತದೆ, ಅಥವಾ ನ್ಯಾಯದ ಉದ್ದೇಶವೇ ಸೋಲುತ್ತದೆ ಎಂದು ನಂಬಲು ಆಧಾರ ಇದ್ದಾಗ ಮಾತ್ರ ನಿರಾಕರಿಸಬಹುದು, ಕಾರಣವನ್ನೂ ಬರೆಯಬೇಕು. ನಿಮ್ಮ ಉದಾಹರಣೆಯಲ್ಲಿ ಆ ದೊಡ್ಡವರಿಬ್ಬರೂ ಅದೇ ಬೀದಿಯವರಾದರೆ ಮೊದಲ ಕಾರಣ ಖಂಡಿತ ಎದುರಾಗುತ್ತದೆ. ಅದಕ್ಕೆ ಉತ್ತರ ಸಿದ್ಧವಿರಲಿ: ಬೇರೆ ಊರಿನ ಸೋದರಮಾವನ ಮನೆಯಲ್ಲಿ ಇರಿಸುತ್ತೇವೆ ಎಂದು ಮಾವನದೇ ಮುಚ್ಚಳಿಕೆ, ಅಲ್ಲಿ ಐಟಿಐ ಅಥವಾ ಕೆಲಸ ಕಲಿಯುವ ಜಾಗದ ಪತ್ರ. ಜಾಮೀನಿನ ಷರತ್ತು ಪೂರೈಸಲಾಗದೆ 7 ದಿನ ಕಳೆದರೆ, ಷರತ್ತು ಬದಲಿಸಲು ಅವನನ್ನು ಮತ್ತೆ ಮಂಡಳಿಯ ಮುಂದೆ ತರಲೇಬೇಕು. ಈ ಉಪಕಲಂ ತಿಳಿಯದೆ ಹುಡುಗರು ವೀಕ್ಷಣಾಲಯದಲ್ಲೇ (ಪ್ರಕರಣ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ಜಾಗ) ಉಳಿದುಬಿಡುತ್ತಾರೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ, ಸಹಾಯವಾಣಿ 15100.

ಆಮೇಲೆ ಸಾಮಾಜಿಕ ತನಿಖಾ ವರದಿ. ಮೊದಲ ಹಾಜರಿಯಿಂದ 15 ದಿನದೊಳಗೆ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಕೊಡಬೇಕು. ಆ ವರದಿ ತೆಳುವಾದರೆ ಆದೇಶವೂ ಹಾಗೇ ಬರುತ್ತದೆ. "ಬಡ ಕುಟುಂಬ, ಕೆಟ್ಟ ಸಹವಾಸ" ಎಂಬೆರಡು ಪದ ಬರೆದು ಮುಗಿಸಿದ ವರದಿಯಿಂದ ಯಾರಿಗೂ ಉಪಯೋಗವಿಲ್ಲ. ಶಾಲೆ ಏಕೆ ಬಿಟ್ಟ, ಆ ಹೊತ್ತಿಗೆ ಮನೆಯಲ್ಲಿ ಏನಾಗಿತ್ತು, ದೊಡ್ಡವರು ಇವನಿಗೆ ಸಾಲ ಕೊಟ್ಟಿದ್ದರೇ, ಕುಡಿತ, ಗಾಂಜಾ ಅಭ್ಯಾಸ ಇದೆಯೇ, ಯಾರ ಮಾತು ಕೇಳುತ್ತಾನೆ: ಇದೆಲ್ಲ ಅದರಲ್ಲಿ ಇರಬೇಕು. ಅಧಿಕಾರಿ ಮನೆಗೆ ಬಂದಾಗ ತಂದೆತಾಯಿ ನಾಚಿಕೆಯಿಂದ ಮುಚ್ಚಿಡುವುದುಂಟು. ಮುಚ್ಚಿಟ್ಟರೆ ನಷ್ಟ ಮಗನಿಗೇ.

ಬೀದಿದೀಪ:
ಎಲ್ಲ ಸರಿ. ಚಾಕುವಿನ ಎದುರು ನಿಂತವರ ಪಾಡೇನು? ಏನೇ ಮಾಡಿದರೂ ಮಂಡಳಿಯಿಂದ ಹೆಚ್ಚೆಂದರೆ 3 ವರ್ಷ ಎನ್ನುವುದು ಜನರಿಗೆ ಒಪ್ಪಿಗೆಯಾಗುತ್ತಿಲ್ಲ.

ಕರಿಕೋಟು:
ಆ ಸಿಟ್ಟಿಗೆ ಕಾರಣವಿದೆ. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರವೇ 2015ರ ಕಾಯ್ದೆ ಬಂತು, 2016ರ ಜನವರಿ 15ರಿಂದ ಜಾರಿಯಲ್ಲಿದೆ. ಕೊಲೆ, ಅತ್ಯಾಚಾರದಂಥ ಘೋರ ಅಪರಾಧದಲ್ಲಿ 16 ದಾಟಿದವರನ್ನು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿ 3 ವರ್ಷದ ಮಿತಿ ಇಲ್ಲ. ಮರಣದಂಡನೆಯನ್ನೂ ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯನ್ನೂ ಮಾತ್ರ ಕೊಡುವಂತಿಲ್ಲ. 21 ವರ್ಷದವರೆಗೆ ಜೈಲಲ್ಲದ "ಸುರಕ್ಷಿತ ಸ್ಥಳ"ದಲ್ಲಿಟ್ಟು, ಶಿಕ್ಷೆ ಉಳಿದಿದ್ದರೆ ಆಗ ಸುಧಾರಣೆ ನೋಡಿ ಬಿಡುಗಡೆಯೋ ಜೈಲೋ ಎಂದು ತೀರ್ಮಾನ.

ಹಾಗೆ ಕಳಿಸುವ ಮೊದಲು ನಡೆಯುವ ಮೌಲ್ಯಮಾಪನ ವಿಚಾರಣೆಯಲ್ಲ. "ನೀನು ಮಾಡಿದೆಯಾ" ಎಂದು ಅಲ್ಲಿ ಕೇಳಿ ತಪ್ಪೊಪ್ಪಿಗೆ ಪಡೆಯುವುದು ತಪ್ಪು. ಬುದ್ಧಿಮಟ್ಟದ ಅಂಕಿಯೊಂದೇ ಸಾಲದು. ಮಂಡಳಿಯ ಸದಸ್ಯರಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಯ್ದೆ ಇದಕ್ಕೆ 3 ತಿಂಗಳು ಕೊಡುತ್ತದೆ. ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, 2024ರಲ್ಲಿ, ಆ ಗಡುವು ಮೀರಿದ ಮಾತ್ರಕ್ಕೆ ಮೌಲ್ಯಮಾಪನ ಅನೂರ್ಜಿತವಾಗದು ಎಂದು ತೀರ್ಪಾಯಿತು. ಆದೇಶದ ವಿರುದ್ಧ ಮೇಲ್ಮನವಿಗೆ 30 ದಿನ ಎಂದೂ ಅದೇ ತೀರ್ಪು ಗೊತ್ತುಮಾಡಿತು.

ದಾಖಲಾತಿವಹಿ:
ವಯಸ್ಸಿನ ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸು, ಹಿಡಿದ ದಿನದ್ದಲ್ಲ. 94ನೇ ಕಲಂನ ಕ್ರಮ ಹೀಗೆ: ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ, ಅದೂ ಆದೇಶವಾಗಿ 15 ದಿನದೊಳಗೆ. ಈ ಪಟ್ಟಿಯಲ್ಲಿ ಆಧಾರ್ ಇಲ್ಲ. 8ಕ್ಕೆ ಶಾಲೆ ಬಿಟ್ಟವನಿಗೆ ಎಸ್ಸೆಸ್ಸೆಲ್ಸಿ ಇರುವುದಿಲ್ಲ, ಆದ್ದರಿಂದ ಮುಖ್ಯೋಪಾಧ್ಯಾಯರಿಂದ ಜನ್ಮದಿನಾಂಕ ಪ್ರಮಾಣಪತ್ರವನ್ನು, ಜೊತೆಗೆ ದಾಖಲಾತಿ ವಹಿಯ ದೃಢೀಕೃತ ಪ್ರತಿಯನ್ನು ಅದೇ ದಿನ ತನ್ನಿ. ಠಾಣೆಯಲ್ಲಿ 19 ಎಂದು ಬರೆದುಕೊಂಡು ಜೈಲಿಗೆ ಕಳಿಸಿದ್ದರೂ ದಾರಿ ಮುಚ್ಚಿಲ್ಲ. ಬಾಲಕನೆಂಬ ವಾದವನ್ನು ಯಾವ ಹಂತದಲ್ಲೂ, ಅಂತಿಮ ತೀರ್ಪಿನ ನಂತರವೂ ಎತ್ತಬಹುದು.

ಪರಿವೀಕ್ಷಣೆ:
ಕೆಲಸದ ಪ್ರಶ್ನೆ ಉಳಿದಿತ್ತು. ಮಂಡಳಿಯೇ ತೀರ್ಮಾನಿಸಿದ ಪ್ರಕರಣವಾದರೆ 24ನೇ ಕಲಂ ಪ್ರಕಾರ ಯಾವ ಅನರ್ಹತೆಯೂ ಅಂಟುವುದಿಲ್ಲ. ಮುಗಿದ ಪ್ರಕರಣವನ್ನು ಪೊಲೀಸರು ನಡತೆ ಪ್ರಮಾಣಪತ್ರದಲ್ಲಿ ನಮೂದಿಸುವಂತಿಲ್ಲ, ಇದು 74(2). ನಮೂದಿಸಿದರೆ ಆದೇಶದ ಪ್ರತಿಯೊಂದಿಗೆ ಎಸ್ಪಿ ಕಚೇರಿಗೆ ಅರ್ಜಿ ಕೊಡಿ, ಪ್ರತಿ ಮಂಡಳಿಗೂ ಹೋಗಲಿ. ಹುಡುಗನ ಹೆಸರು, ಫೋಟೊ, ಶಾಲೆ ಯಾವುದನ್ನೂ ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಬೇಡಿ ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ. ಅದಕ್ಕೆ 6 ತಿಂಗಳವರೆಗೆ ಸೆರೆ ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇವೆ.