ಪದಚರ್ಚೆ: ‘ವಿಂಟೇಜ್’ ಚೈನ್ ಸಾ ಎಷ್ಟು ಬಾಳುತ್ತದೆ?

ಪ್ರಶ್ನೆ: ಅಮೆರಿಕದ ಮಾರಾಟಪಟ್ಟಿಯೊಂದರ ಅನುವಾದ ನಡೆದಿದೆ, ಎಲ್ಲವೂ 1950-60ರ ದಶಕಗಳ ಚೈನ್ ಸಾಗಳು, ಅಂದರೆ ತಿರುಗುವ ಚೈನಿನ ಹಲ್ಲಿನಿಂದ ಮರ ಕೊಯ್ಯುವ ಯಂತ್ರಗರಗಸಗಳು. ‘ವಿಂಟೇಜ್’ಗೆ ‘ಪುರಾತನ’ ಆಗಬಹುದೇ? ‘ರನ್ನರ್’, ‘ಟರ್ನ್ಸ್ ಓವರ್’ ಎರಡಕ್ಕೂ ‘ಚಾಲನೆಯಲ್ಲಿದೆ’ ಸಾಕೇ? ‘ವರ್ತ್’ಗೆ ‘ಮೌಲ್ಯ’, ‘ಪಿಚ್’ಗೆ ‘ಹಲ್ಲುಗಳ ಅಂತರ’ ಎಂದು ಬರೆದಿದ್ದೇನೆ. ಸರಿಯೇ?

ಉತ್ತರ 1: ‘ಪುರಾತನ’ ಬೇಡ. ಈ ಯಂತ್ರಕ್ಕೆ ಅಷ್ಟು ವಯಸ್ಸೇ ಆಗಿಲ್ಲ. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್ ವಿದ್ಯುತ್ತಿನ ಚೈನ್ ಸಾ ತಯಾರಿಸಿದ್ದು 1926ರಲ್ಲಿ. ಎಮಿಲ್ ಲೆರ್ಪ್ ತಮ್ಮ ಪೆಟ್ರೋಲ್ ಯಂತ್ರವನ್ನು ಡೋಲ್ಮಾರ್ ಬೆಟ್ಟದಲ್ಲಿ ಓಡಿಸಿ ನೋಡಿದ್ದು 1927ರಲ್ಲಿ. ಒಬ್ಬರೇ ಹಿಡಿದು ಮರ ಕೊಯ್ಯುವಂಥವು ಇನ್ನೂ ಈಚಿನವು: 1949ರ ಮೆಕಲಕ್ 3-25, 1959ರ ಸ್ಟಿಲ್ ಕಾಂಟ್ರಾ. ‘ವಿಂಟೇಜ್’ ಹುಟ್ಟಿದ್ದು ದ್ರಾಕ್ಷಿಯ ಕೊಯ್ಲಿನಿಂದ. ಯಾವ ವರ್ಷದ ಬೆಳೆ ಎಂಬ ಲೆಕ್ಕ ಅದರೊಳಗಿದೆ. ಹಳೆಯ ಸ್ಕೂಟರಿಗೂ ಜೀಪಿಗೂ ನಮ್ಮ ಗ್ಯಾರೇಜುಗಳಲ್ಲಿ ಹೇಳುವ ‘ಹಳೇ ಮಾಡೆಲ್’ನಲ್ಲೂ ಅದೇ ಲೆಕ್ಕವಿದೆ. ಅದನ್ನೇ ಬಳಸಿ.

‘ಚಾಲನೆಯಲ್ಲಿದೆ’ ಎಂದರೆ ಮಾತ್ರ ಕೊಳ್ಳುವವರು ಮೋಸಹೋಗುತ್ತಾರೆ. ಸಂಗ್ರಹಕಾರರಿಗೆ ಸ್ಥಿತಿಗಳು ಮೂರು. ಸ್ಟಾರ್ಟ್ ಆಗಿ ನಿಲ್ಲದೆ ಓಡುವುದು ‘ಓಡುತ್ತದೆ’. ಹಗ್ಗ ಎಳೆದರೆ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ, ಅಷ್ಟರ ಮೇಲೆ ಗ್ಯಾರಂಟಿ ಇಲ್ಲ ಎಂಬುದು ‘ತಿರುಗುತ್ತದೆ’. ಹಗ್ಗವೇ ಬಾರದಿದ್ದರೆ ‘ಹಿಡಿದುಕೊಂಡಿದೆ’. ಮೆಕ್ಯಾನಿಕ್‌ಗಳ ಬಾಯಲ್ಲಿ ‘ಸೀಜ್ ಆಗಿದೆ’.

ನಡುವಿನ ಸ್ಥಿತಿಯಲ್ಲೇ ದುಡ್ಡು ಹೋಗುವುದು. ತಿರುಗುವ ಎಂಜಿನ್ನಿನ ಸೈಲೆನ್ಸರ್ ಬಿಚ್ಚಿ, ಹೊಗೆ ಹೋಗುವ ಕಿಂಡಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಬೇಕು. ಮೈ ನುಣುಪಾಗಿದ್ದರೆ ಒಳ್ಳೆಯದು. ಉದ್ದುದ್ದ ಗೀರುಗಳಿದ್ದರೆ ಪೆಟ್ರೋಲಿಗೆ ಆಯಿಲ್ ಬೆರೆಸದೆ, ಇಲ್ಲವೇ ಕಡಿಮೆ ಬೆರೆಸಿ ಓಡಿಸಿರುವ ಸಾಧ್ಯತೆ ಹೆಚ್ಚು. ಆಮೇಲೆ ಪ್ಲಗ್ ಜಾಗಕ್ಕೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು, ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಬೇಕು. 150 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಆಸುಪಾಸು ಬಂದರೆ ಗಟ್ಟಿ ಎಂಜಿನ್. 100ಕ್ಕಿಂತ ಕೆಳಗಿದ್ದರೆ ರಿಂಗ್ ಸವೆದಿರಬಹುದು ಅಥವಾ ಸಿಲಿಂಡರ್ ಹಾಳಾಗಿರಬಹುದು. ಬಿಸಿಯಾದ ಮೇಲೆ ಅದು ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಕಿಡಿ ಬರುವುದಿಲ್ಲ ಎಂದು ಬರೆದಿದ್ದರೆ ಅಷ್ಟು ಹೆದರಬೇಕಿಲ್ಲ. ವರ್ಷಗಟ್ಟಲೆ ಇಟ್ಟಾಗ ಪಾಯಿಂಟ್‌ಗಳ (ಕೂಡಿ ಬಿಟ್ಟು ಕಿಡಿ ಹುಟ್ಟಿಸುವ ಲೋಹದ ತುದಿಗಳ) ಮೇಲೆ ಕಿಲುಬು ಕೂರುತ್ತದೆ. ಒರೆಸಿ ಸುಮಾರು 0.4 ಮಿ.ಮೀ. ಸಂದು ಇಟ್ಟರೆ ಬಹಳ ಸಲ ಕಿಡಿ ಮರಳುತ್ತದೆ. ಕಾರ್ಬುರೇಟರಿನ ಡಯಾಫ್ರಂ ಎಂಬ ತೆಳು ಪೊರೆ ಗಡುಸಾಗಿರುವುದೂ ಸಣ್ಣ ರಿಪೇರಿಯೇ. ಆದರೆ ಮೆಗ್ನೀಸಿಯಮ್ ಬಾಡಿಯಲ್ಲಿ ಬಿಳಿ ಪುಡಿ ಎದ್ದು ಲೋಹ ತಿಂದುಹೋಗಿದ್ದರೆ, ಬಿರುಕು ಬಿಟ್ಟಿದ್ದರೆ, ಅದನ್ನು ಬಿಡಿಭಾಗಕ್ಕೆಂದು ಕೊಳ್ಳಬೇಕೇ ಹೊರತು ಓಡಿಸಲಿಕ್ಕಲ್ಲ. ಮೇಲೆ ಹೊಸ ಪೇಂಟ್ ಹೊಡೆದಿದ್ದರೆ ಇನ್ನಷ್ಟು ಎಚ್ಚರ: ಕಂಪನಿಯ ಪೇಂಟ್ ಮಾಸಿದ್ದರೂ ಸಂಗ್ರಹಕಾರರು ಅದನ್ನೇ ಮೆಚ್ಚುತ್ತಾರೆ, ಬಿರುಕು ಮುಚ್ಚಲು ಪೇಂಟ್ ಸಾಕು.

‘ವರ್ತ್’ಗೆ ನಾಮಪದ ಯಾಕೆ ಹುಡುಕುತ್ತೀರಿ? ‘ಅಷ್ಟು ಬಾಳೋದಿಲ್ಲ’ ಎಂದು ಸಂತೆಯಲ್ಲಿ ದಿನವೂ ಕೇಳುತ್ತೇವೆ. ‘ಬೆಲೆ ಬಾಳು’ ಕನ್ನಡದ ಸ್ವಂತ ಕ್ರಿಯಾಪದ. ಪಟ್ಟಿಯಲ್ಲಿ ‘ಹೇಳಿದ ಬೆಲೆ’, ‘ಹೋದ ಬೆಲೆ’ ಎಂದು ಎರಡು ಅಂಕಣ ಮಾಡಿ. ಮಾರುವವರು ಹೇಳಿದ್ದು ಆಸೆ. ಎಷ್ಟಕ್ಕೆ ಹೋಯಿತೋ ಅಷ್ಟೇ ಅದು ಬಾಳುವುದು.

ಉತ್ತರ 2: ‘ಹಲ್ಲುಗಳ ಅಂತರ’ ತಪ್ಪು. ಚೈನಿನ ಕೊಂಡಿಗಳನ್ನು ಜೋಡಿಸುವ ರಿವೆಟ್‌ಗಳಲ್ಲಿ ಸಾಲಾಗಿ ಬರುವ ಮೂರನ್ನು ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು, ಎರಡರಿಂದ ಭಾಗಿಸಿದ್ದು ಪಿಚ್. ರಿವೆಟ್‌ಗಳು ಸಮ ಅಂತರದಲ್ಲಿರುವುದಿಲ್ಲ, ಅದಕ್ಕೇ ಈ ಸುತ್ತುದಾರಿ. 0.808 ಅಂಗುಲ ಬಂದರೆ ಪಿಚ್ 0.404. ಬೇರೆ ಪಿಚ್ಚಿನ ಚೈನ್ ಹಾಕಿದರೆ ಚೈನನ್ನು ತಿರುಗಿಸುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ ಮೇಲೆ ಕೂರದೆ ಹಾರುತ್ತದೆ. ‘ಪಿಚ್’ ಹಾಗೇ ಇರಲಿ.

‘ಗರಗಸ’ದ ಬಗ್ಗೆ ಒಂದು ಮಾತು. ಕ್ರಕಚದಿಂದ ಬಂದ ಈ ತದ್ಭವ ಹಳೆಯ ಚೈನಿಗೆ ಚೆನ್ನಾಗಿ ಒಪ್ಪುತ್ತದೆ. ಅದರ ಹಲ್ಲು ಕೈಗರಗಸದಂತೆಯೇ ಮರವನ್ನು ಪರಚುತ್ತಿತ್ತು. ಮರ ಕೊರೆಯುವ ಹುಳುವಿನ ದವಡೆ ನೋಡಿ ಅಮೆರಿಕದ ಜೋಸೆಫ್ ಕಾಕ್ಸ್ ರೂಪಿಸಿದ, 1947ರಲ್ಲಿ ಮಾರುಕಟ್ಟೆಗೆ ಬಂದ ಚೈನ್ ಕೀಸುಳಿಯಂತೆ ಚಕ್ಕೆ ಎಬ್ಬಿಸುತ್ತದೆ. ಪಟ್ಟಿಯಲ್ಲಿ ‘ಸ್ಕ್ರ್ಯಾಚರ್ ಚೈನ್’ ಎಂದಿದ್ದರೆ ‘ಪರಚುಹಲ್ಲಿನ ಚೈನ್’ ಎಂದು ಬಿಡಿಸಿಯೇ ಬರೆಯಿರಿ. ಯಂತ್ರದ ಕಾಲದ್ದೇ ಆದ ಚೈನ್ ಉಳಿದಿದ್ದರೆ ಕೊಳ್ಳುವವರು ಅದಕ್ಕೂ ಬೆಲೆ ಕಟ್ಟುತ್ತಾರೆ.