ಐವತ್ತು ವರ್ಷದ ಕೆರೆ ಒಡ್ಡಿನ ಬುಡದಲ್ಲಿ ನೀರು ಬಸಿಯುತ್ತಿದೆ: ಯಾವ ಹಂತದಲ್ಲಿ ಅಪಾಯವೆಂದು ತಿಳಿಯಬೇಕು?

ಪ್ರಶ್ನೆ: ರೈತ, ಬಸವನ ಬಾಗೇವಾಡಿ ತಾಲ್ಲೂಕು

ನಮ್ಮೂರ ಕೆರೆಯ ಮಣ್ಣಿನ ಒಡ್ಡು 1972ರ ಬರಗಾಲದ ಕಾಮಗಾರಿಯಲ್ಲಿ ಕಟ್ಟಿದ್ದು. ನಮ್ಮ ತಂದೆಯವರೂ ಅದಕ್ಕೆ ಬುಟ್ಟಿಯಲ್ಲಿ ಮಣ್ಣು ಹೊತ್ತವರು. ಉದ್ದ ಸುಮಾರು 600 ಮೀಟರ್, ಎತ್ತರ 9 ಮೀಟರ್ ಎಂದು ನೀರು ಬಿಡುವ ತೂಬಿನ ಬಳಿಯ ಹಳೆಯ ಫಲಕದಲ್ಲಿದೆ. ನಾನು ಬಲ್ಲಂತೆ ಹತ್ತು ವರ್ಷದಲ್ಲಿ ಎರಡು ಸಲ ಈ ಕೆರೆ ತುಂಬಿದರೆ ಹೆಚ್ಚು. ಕೃಷ್ಣೆಯ ನೀರನ್ನು ಏತದಿಂದ ತಂದು ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಪ್ರತಿ ವರ್ಷ ತುಂಬುತ್ತಿದೆ, ಬತ್ತಿದ ಬಾವಿಗಳಿಗೆ ನೀರು ಬಂದಿದೆ, ದ್ರಾಕ್ಷಿ ಪಡ ಉಳಿದಿವೆ. ಅದರ ಉಪಕಾರವನ್ನು ನಾವು ಮರೆಯುವುದಿಲ್ಲ.

ಆದರೆ ಎರಡು ವರ್ಷದಿಂದ ತೂಬಿಗೆ ನಲವತ್ತು ಹೆಜ್ಜೆ ದೂರದಲ್ಲಿ ಒಡ್ಡಿನ ಬುಡ ಜವಳು ಹಿಡಿದು ಆಪು ಹುಲ್ಲು ಬೆಳೆದಿದೆ. ಈ ವರ್ಷ ಅಲ್ಲಿ ಬೆರಳು ಗಾತ್ರದ ನೀರು ಹರಿಯತೊಡಗಿತು. ನನ್ನ ತಮ್ಮ ಎರಡು ಟ್ರೇಲರ್ ಎರೆಮಣ್ಣು ತಂದು ಅದರ ಮೇಲೆ ಹಾಕಿ ಗಟ್ಟಿಯಾಗಿ ತುಳಿಸಿದ. ವಾರದೊಳಗೆ ಹತ್ತು ಅಡಿ ಆಚೆ ಹೊಸ ಜಾಗದಲ್ಲಿ ನೀರು ಕಾಣಿಸಿತು. ಟ್ರ್ಯಾಕ್ಟರ್ ಓಡಾಡಿ ಒಡ್ಡಿನ ನೆತ್ತಿ ನಡುವೆ ತಗ್ಗಾಗಿದೆ. ಬೇಸಿಗೆಯಲ್ಲಿ ಅಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಿದಾಗ, ಮಣ್ಣಿನ ಒಡ್ಡು ಎಂದ ಮೇಲೆ ಬಸಿಯುವುದು ಸಹಜ ಎಂಬ ಉತ್ತರ ಬಂತು. ಒಡ್ಡಿನ ಕೆಳಗೆ ಅರ್ಧ ಕಿಲೋಮೀಟರಿನೊಳಗೆ ನಮ್ಮ ಓಣಿಯೂ ಶಾಲೆಯೂ ಇವೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಇಂಜಿನಿಯರ್, ಬಾಗಲಕೋಟೆ

ಮಣ್ಣಿನ ಒಡ್ಡು ಬಸಿಯುವುದು ಸಹಜ ಎಂಬ ಮಾತು ನಿಜ, ಆದರೆ ಅರ್ಧ ನಿಜ. ಎಷ್ಟು ನೀರು ಬರುತ್ತಿದೆ ಎನ್ನುವುದಕ್ಕಿಂತ ಆ ನೀರು ಏನನ್ನು ಹೊತ್ತು ತರುತ್ತಿದೆ ಎನ್ನುವುದನ್ನು ಮೊದಲು ನೋಡಬೇಕು. ತಿಳಿಯಾದ ನೀರು ವರ್ಷಗಟ್ಟಲೆ ಒಂದೇ ಪ್ರಮಾಣದಲ್ಲಿ ಬರುತ್ತಿದ್ದರೆ ಒಡ್ಡು ಉಸಿರಾಡುತ್ತಿದೆ ಎನ್ನಬಹುದು. ಅದೇ ನೀರು ಕದಡಿದ್ದರೆ ಒಡ್ಡು ಒಳಗಿನಿಂದ ಕರಗುತ್ತಿದೆ ಎಂದೇ ತಿಳಿಯಬೇಕು. ನೀರು ಹೊರಬೀಳುವ ಬಾಯಿಯಲ್ಲಿ ಮೊದಲು ಮಣ್ಣಿನ ಕಣಗಳು ಕಳಚುತ್ತವೆ. ಅಲ್ಲಿಂದ ಸುರಂಗವು ಹಿಂದಕ್ಕೆ, ಕೆರೆಯ ಕಡೆಗೆ ಬೆಳೆಯುತ್ತದೆ. ಅದು ಕೆರೆಯ ನೀರನ್ನು ಮುಟ್ಟಿದ ಮೇಲೆ ಕೆಲವೇ ಗಂಟೆಗಳಲ್ಲಿ ಒಡ್ಡು ಕೊಚ್ಚಿಹೋಗಬಹುದು. ಹೊರಗಿನಿಂದ ನೋಡಿದವರಿಗೆ ಕೊನೆಯ ದಿನದವರೆಗೂ ಅದು ಬೆರಳು ಗಾತ್ರದ ನೀರಾಗಿಯೇ ಕಂಡಿರಬಹುದು.

ಆದ್ದರಿಂದ ಇಂದೇ ಒಂದು ಗಾಜಿನ ಬಾಟಲಿಯಲ್ಲಿ ಆ ನೀರನ್ನು ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಡಿರಿ. ಬೆಳಿಗ್ಗೆ ತಳದಲ್ಲಿ ಮಣ್ಣು ಕೂತಿದೆಯೇ ನೋಡಿರಿ. ಎರಡನೆಯದಾಗಿ, ಬಸಿಯುವ ನೀರನ್ನು ಸಣ್ಣ ಕಾಲುವೆಯಲ್ಲಿ ಒಂದೆಡೆ ಕೂಡಿಸಿ, ಅಳತೆಯ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ದಿನವೂ ಒಂದೇ ಹೊತ್ತಿಗೆ ಬರೆದಿಡಿರಿ. ಪಕ್ಕದಲ್ಲಿ ಕೆರೆಯ ನೀರಿನ ಮಟ್ಟವನ್ನೂ ಬರೆಯಿರಿ. ಮಟ್ಟ ಏರಿದಾಗ ಬಸಿಯುವುದು ಹೆಚ್ಚಾದರೆ ಅದು ಸಹಜ. ಮಳೆಯಿಲ್ಲದ ದಿನಗಳಲ್ಲಿ, ಮಟ್ಟ ಹಾಗೆಯೇ ಇದ್ದು ಬಸಿಯುವುದು ಮಾತ್ರ ಹೆಚ್ಚುತ್ತಿದ್ದರೆ, ಇಲ್ಲವೇ ಯಾರೂ ಮುಟ್ಟದೆ ಥಟ್ಟನೆ ನಿಂತುಹೋದರೆ, ಆ ದಿನವೇ ಅಧಿಕಾರಿಗಳನ್ನು ಕರೆಸಿ ತೂಬಿನ ಮೂಲಕ ಮಟ್ಟ ಇಳಿಸುವಂತೆ ಕೇಳಬೇಕು. ಇಳಿಸುವುದೂ ನಿಧಾನವಾಗಿಯೇ ಆಗಬೇಕು. ನೆನೆದ ಒಡ್ಡಿನ ಎದುರಿನ ನೀರು ಒಮ್ಮೆಲೇ ಇಳಿದರೆ ಕೆರೆಯ ಕಡೆಯ ಒಳಮೈ ಜಾರಬಹುದು.

ನಿಮ್ಮ ತಮ್ಮನವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಆದರೆ ಬಸಿಯುವ ಬಾಯಿಗೆ ಎರೆಮಣ್ಣು ಮುಚ್ಚುವುದು ತಪ್ಪು. ನೀರಿನ ಒತ್ತಡ ಒಳಗೇ ಏರಿ ಇನ್ನೊಂದು ದುರ್ಬಲ ಜಾಗವನ್ನು ಹುಡುಕುತ್ತದೆ. ಹತ್ತು ಅಡಿ ಆಚೆ ನೀರು ಬಂದದ್ದು ಅದರಿಂದಲೇ ಇರಬೇಕು. ನೀರನ್ನು ತಡೆಯದೆ ಮಣ್ಣನ್ನು ಮಾತ್ರ ತಡೆಯುವುದು ಸರಿಯಾದ ಕ್ರಮ. ಮೊದಲು ದಪ್ಪ ಉಸುಕು, ಅದರ ಮೇಲೆ ಸಣ್ಣ ಕಡಿ (ಜಲ್ಲಿಕಲ್ಲು), ಅದರ ಮೇಲೆ ದೊಡ್ಡ ಕಡಿ ಹಾಕಿದರೆ ನೀರು ಹೊರಗೆ ಹೋಗುತ್ತದೆ, ಮಣ್ಣು ಒಳಗೆ ಉಳಿಯುತ್ತದೆ. ಇದನ್ನು ಇಲಾಖೆಯವರು ನಿಂತು ಮಾಡಿಸಲಿ. ಅಲ್ಲಿಯವರೆಗೆ ಹೊಸ ಬಾಯಿಗೆ ಮಣ್ಣು ಹಾಕಬೇಡಿರಿ.

ನಿಮ್ಮ ಬರಹದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ. ಆ ಕಾಲದ ಒಡ್ಡುಗಳಲ್ಲಿ ಸಾಮಾನ್ಯವಾಗಿ ಒಳಗರ್ಭಕ್ಕೆ ಎರೆಮಣ್ಣು, ಹೊರಮೈಗೆ ಗರಸು ಹಾಕುತ್ತಿದ್ದರು. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ ಎಂಬುದನ್ನು ನಮ್ಮ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಲವತ್ತು ವರ್ಷ ಬಹುಪಾಲು ಒಣಗಿ ನಿಂತ ಒಡ್ಡಿನ ಎದುರು ಈಗ ತಿಂಗಳುಗಟ್ಟಲೆ ತುಂಬು ನೀರು ನಿಲ್ಲುತ್ತಿದೆ. ವಯಸ್ಸು ಐವತ್ತಾದರೂ ಅದು ಈಗ ತಾನೇ ಮೊದಲ ಸಲ ಪರೀಕ್ಷೆಗೆ ನಿಂತಂತೆ. ಇನ್ನೊಂದು, ಮೊದಲು ಸೆಪ್ಟೆಂಬರ್ ಮಳೆ ಖಾಲಿ ಕೆರೆಗೆ ಬೀಳುತ್ತಿತ್ತು, ಈಗ ತುಂಬಿದ ಕೆರೆಗೆ ಬೀಳುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಸುರಿದಂಥ ಮಳೆ ಮತ್ತೆ ಬಂದರೆ ಎಲ್ಲ ಭಾರ ಹೆಚ್ಚಾದ ನೀರು ಹೊರಹೋಗುವ ಕೋಡಿಯ ಮೇಲೆ ಬೀಳುತ್ತದೆ. ಕೋಡಿಯಲ್ಲಿ ಹೂಳು, ಗಿಡ, ನೀರು ಹೆಚ್ಚು ನಿಲ್ಲಲಿ ಎಂದು ಊರವರು ಇಟ್ಟ ಚೀಲ, ಯಾವುದೂ ಇರಕೂಡದು. ಮಣ್ಣಿನ ಒಡ್ಡು ತನ್ನ ನೆತ್ತಿಯ ಮೇಲೆ ನೀರು ಹರಿಯುವುದನ್ನು ತಾಳಲಾರದು, ಮತ್ತು ಆ ನೀರು ಮೊದಲು ಹರಿಯುವುದು ನೀವು ಹೇಳಿದ ಟ್ರ್ಯಾಕ್ಟರ್ ತಗ್ಗಿನಲ್ಲೇ. ಗವಂಡಿಗಳು ಮಟ್ಟ ನೋಡುವ ನೀರಿನ ಪೈಪಿನಿಂದ ಆ ತಗ್ಗು ಎಷ್ಟಿದೆ ಎಂದು ಅಳೆದು ಅರ್ಜಿಯಲ್ಲಿ ಬರೆಯಿರಿ.

ಉತ್ತರ: ರೈತ, ಸವದತ್ತಿ ತಾಲ್ಲೂಕು, ಬೆಳಗಾವಿ ಜಿಲ್ಲೆ

ಅಣ್ಣಾವರೆ, ನಾವು ಮಾಡಿದ ಎರಡು ತಪ್ಪುಗಳನ್ನು ನೀವು ಮಾಡಬಾರದೆಂದು ಬರೆಯುತ್ತಿದ್ದೇನೆ. ನಮ್ಮ ಕೆರೆಯ ಒಡ್ಡಿನ ಮೇಲೆ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿತ್ತು. ಊರವರೆಲ್ಲ ಸೇರಿ ಕಡಿದು ಬೊಡ್ಡೆಗಳನ್ನು ಹಾಗೆಯೇ ಬಿಟ್ಟೆವು. ಕೆಲವು ವರ್ಷಗಳಲ್ಲಿ ಬೇರು ಕೊಳೆತು ಒಳಗೆ ಪೊಳ್ಳಾಯಿತು, ಅದೇ ದಾರಿಯಲ್ಲಿ ಹೆಗ್ಗಣ ಬಿಲ ತೋಡಿದವು, ಮಳೆಗಾಲದಲ್ಲಿ ಅಲ್ಲಿ ನೀರು ಬಂತು. ಚಿಕ್ಕ ಗಿಡಗಳನ್ನು ಪ್ರತಿ ವರ್ಷ ಕಿತ್ತುಬಿಡಬೇಕು. ದೊಡ್ಡ ಮರಗಳನ್ನು ಕೆರೆ ತುಂಬಿದಾಗ ಜೆಸಿಬಿಯಿಂದ ಕೀಳದೆ, ನೀರು ಇಳಿದ ಮೇಲೆ ಬೇರುಸಹಿತ ತೆಗೆಸಿ, ಗುಂಡಿಗೆ ಪದರ ಪದರವಾಗಿ ಮಣ್ಣು ಧಮ್ಮಸು ಮಾಡಿಸಬೇಕು.

ಎರಡನೆಯದು ಹೂಳು. ಹೊಲಕ್ಕೆ ಒಳ್ಳೆಯದೆಂದು ಒಡ್ಡಿನ ಬುಡಕ್ಕೆ ಹತ್ತಿಯೇ ಅಗೆದೆವು, ಏಕೆಂದರೆ ಟ್ರ್ಯಾಕ್ಟರ್ ಹೋಗಲು ಅದೇ ಹತ್ತಿರ. ನೀರು ಕೆಳಗೆ ಇಳಿಯದಂತೆ ತಡೆದಿದ್ದ ಮಣ್ಣಿನ ಹಾಸನ್ನೇ ನಾವು ಕೈಯಾರೆ ತೆಗೆದಿದ್ದೆವು. ಹೂಳು ತೆಗೆಯುವುದು ಕೆರೆಯ ನಡುವೆ, ಒಡ್ಡಿನಿಂದ ದೂರದಲ್ಲಿ ಇರಲಿ.

ಉತ್ತರ: ವಕೀಲೆ, ವಿಜಯಪುರ

ಬಾಯಿಮಾತಿನ ದೂರಿಗೆ ದಾಖಲೆಯಿಲ್ಲ, ಆದ್ದರಿಂದ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಮ್ಮ ರಾಜ್ಯದಲ್ಲಿ 40ರಿಂದ 2000 ಹೆಕ್ಟೇರ್ ಅಚ್ಚುಕಟ್ಟು (ನೀರುಣ್ಣುವ ಜಮೀನು) ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳಿಗೆ. ನಿಮ್ಮದು ಯಾರಿಗೆ ಸೇರಿದೆ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿರಿ.

ಅಣೆಕಟ್ಟು ಸುರಕ್ಷತಾ ಕಾಯ್ದೆ, 2021 ದೊಡ್ಡ ಜಲಾಶಯಗಳಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಎತ್ತರ 10ರಿಂದ 15 ಮೀಟರ್ ಇದ್ದು, ಉದ್ದ 500 ಮೀಟರಿಗೆ ಕಡಿಮೆಯಿಲ್ಲದಿದ್ದರೆ, ಅಥವಾ ಸಂಗ್ರಹ 10 ಲಕ್ಷ ಘನ ಮೀಟರಿಗೆ (ಸುಮಾರು 35 ದಶಲಕ್ಷ ಘನ ಅಡಿ) ಕಡಿಮೆಯಿಲ್ಲದಿದ್ದರೆ ಅಂಥವೂ ಬರುತ್ತವೆ. ಎತ್ತರವನ್ನು ಅಳೆಯಬೇಕಾದದ್ದು ಅಡಿಪಾಯದ ಅತ್ಯಂತ ತಗ್ಗಿನ ಭಾಗದಿಂದ ನೆತ್ತಿಯವರೆಗೆ. ನಿಮ್ಮ ಫಲಕದ 9 ಮೀಟರ್ ನೆಲಮಟ್ಟದಿಂದ ಅಳೆದದ್ದಾಗಿದ್ದರೆ, ಹಳೆಯ ಹಳ್ಳದ ಪಾತ್ರದಲ್ಲಿ ಅದು 10 ದಾಟಿರಲು ಸಾಧ್ಯ. ಆಗ ಮಳೆಗಾಲಕ್ಕೆ ಮುನ್ನ ಮತ್ತು ನಂತರ ತಪಾಸಣೆ ನಡೆಸುವುದು, ತುರ್ತು ಕ್ರಿಯಾ ಯೋಜನೆ ಸಿದ್ಧಪಡಿಸುವುದು ಒಡೆತನ ಹೊಂದಿದ ಇಲಾಖೆಯ ಕರ್ತವ್ಯವಾಗುತ್ತದೆ. ಮೂಲ ನಕ್ಷೆಯನ್ನೂ ಕಳೆದ ತಪಾಸಣೆಯ ವರದಿಗಳನ್ನೂ ಮಾಹಿತಿ ಹಕ್ಕಿನಡಿ ಕೇಳಿರಿ.

ವ್ಯಾಪ್ತಿಗೆ ಬಾರದಿದ್ದರೂ ಸುಮ್ಮನಿರಬೇಡಿರಿ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ ಒಡೆದ ತಿವರೆ ಅಣೆಕಟ್ಟಿನದೂ ದೊಡ್ಡ ಜಲಾಶಯವಾಗಿರಲಿಲ್ಲ. ಅದು ಸೋರುತ್ತಿದೆ ಎಂದು ಕೆಳಗಿನ ಊರಿನವರು ಮೊದಲೇ ದೂರಿದ್ದರು. ಮಲಗಿದ್ದ ಮನೆಗಳೇ ಕೊಚ್ಚಿಹೋದವು.

ಪ್ರಶ್ನೆ ಕೇಳಿದವರಿಂದ, ಹನ್ನೆರಡು ದಿನಗಳ ನಂತರ

ಹಿರಿಯರೆಲ್ಲರಿಗೂ ನಮಸ್ಕಾರ. ಹಳೆಯ ಬಾಯಿಯ ನೀರು ತಿಳಿಯಾಗಿದೆ. ಹೊಸ ಬಾಯಿಯಿಂದ ಹಿಡಿದ ಬಾಟಲಿಯ ತಳದಲ್ಲಿ ಬೆಳಿಗ್ಗೆ ತೆಳ್ಳಗೆ ಕಪ್ಪು ಮಣ್ಣು ಕೂತಿತ್ತು. ಅದನ್ನೂ ಬಕೆಟ್ ಲೆಕ್ಕದ ಹಾಳೆಯನ್ನೂ ಅರ್ಜಿಯೊಂದಿಗೆ ಮೇಜಿನ ಮೇಲೆ ಇಟ್ಟಾಗ ಸಹಾಯಕ ಇಂಜಿನಿಯರ್ ಮರುದಿನವೇ ಬಂದು ನೋಡಿದರು. ತೂಬನ್ನು ಸ್ವಲ್ಪವೇ ತೆರೆಸಿ ದಿನಕ್ಕೆ ಅರ್ಧ ಅಡಿಗಿಂತ ಹೆಚ್ಚು ಇಳಿಯದಂತೆ ನೋಡಿಕೊಂಡಿದ್ದಾರೆ. ಈಗ ಮೂರು ಅಡಿ ಇಳಿದಿದೆ. ಉಸುಕು ಮತ್ತು ಕಡಿ ನಿನ್ನೆ ಬಂದು ಬಿದ್ದಿವೆ. ನೆತ್ತಿಯ ತಗ್ಗು ಪೈಪಿನ ಅಳತೆಯಲ್ಲಿ ಒಂದೂಕಾಲು ಅಡಿ ಬಂತು. ಒಡ್ಡಿನ ಎರಡೂ ತುದಿಗೆ ಕಲ್ಲು ನೆಟ್ಟು ಟ್ರ್ಯಾಕ್ಟರ್ ಓಡಾಟ ನಿಲ್ಲಿಸಿದ್ದೇವೆ. ಬಕೆಟ್ ಲೆಕ್ಕವನ್ನು ನನ್ನ ತಮ್ಮನೇ ದಿನವೂ ಬೆಳಿಗ್ಗೆ ಏಳಕ್ಕೆ ಬರೆಯುತ್ತಿದ್ದಾನೆ.