ಮೊದಲು ಕಪ್ಪತಗುಡ್ಡ ಹತ್ತೋಣ ಕಾಕಾ

ಕಾಕಾ, ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಮಾತಾಡಿಯೇ ನಮ್ಮ ಮನೆಯವರ ಗ್ರೂಪಿಗೆ ಕಳಿಸುತ್ತೇನೆ. ಹುಡುಗರು ಗುಡ್ಡ ಹತ್ತಬೇಕು ಅಂತ ಗಂಟುಬಿದ್ದಿದ್ದಾರೆ, ಭಾನುವಾರ ಮುಳ್ಳಯ್ಯನಗಿರಿಗೆ ಹೋಗಿ ಬರೋಣವಾ ಅಂತ ಕೇಳಿದ್ದೀರಲ್ಲ. 1930 ಮೀಟರ್, ರಾಜ್ಯಕ್ಕೇ ಎತ್ತರ, ಒಪ್ಪಿದೆ. ಆದರೆ ಹುಬ್ಬಳ್ಳಿಯಿಂದ ಚಿಕ್ಕಮಗಳೂರಿಗೆ ಒಂದೇ ದಿನದಲ್ಲಿ ಹೋಗಿ ಬರೋದು ಅಂದರೆ ಸುಮ್ನೆ ಗಾಡಿಯಲ್ಲೇ ದಿನ ಕಳೆಯುತ್ತದೆ. ಅದೂ ಈ ಶ್ರಾವಣದ ಮಳೆಯಲ್ಲಿ ಮೇಲೆ ನಿಂತರೆ ಎದುರಿಗೆ ಬರೀ ಮಂಜು.

ನಮ್ಮ ಕಪ್ಪತಗುಡ್ಡಕ್ಕೆ ಹೋಗೋಣ. ಗದಗ ದಾಟಿ ಡಂಬಳ, ಅಲ್ಲಿಂದ ಮುಂದೆ ಡೋಣಿ, ಅಷ್ಟೇ. ಪಶ್ಚಿಮ ಘಟ್ಟ ಮಳೆಯನ್ನು ತಾನೇ ಹಿಡಿದಿಟ್ಟುಕೊಂಡು ನಮ್ಮ ಕಡೆಗೆ ಗಾಳಿಯನ್ನು ಬಿಡುತ್ತದೆ. ಅದಕ್ಕೇ ಅಲ್ಲಿ ಅಷ್ಟೊಂದು ಗಾಳಿಯಂತ್ರ. ಗುಡ್ಡದ ಮೇಲಿನ ಜಾಗಕ್ಕೆ ಗಾಳಿಗುಂಡಿ ಬಸವಣ್ಣ ಅಂತ ಸುಮ್ನೆ ಹೆಸರಿಟ್ಟಿಲ್ಲ. ಹೋದ ವರ್ಷ ಅಲ್ಲಿ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿಕೊಂಡೆ ನೋಡಿ. ಪುಡಿ ಪೂರ್ತಿ ತಂಗಿಯ ಕಣ್ಣಿಗೆ! ನೀರೆಲ್ಲ ಅವಳ ಮುಖ ತೊಳೆಯಲಿಕ್ಕೇ ಖರ್ಚಾಯಿತು. ಇಳಿದು ಬರುವ ತನಕ ಅವಳು ನನ್ನ ಹತ್ತಿರ ಮಾತಾಡಲಿಲ್ಲ.

ಆದರೂ ಅಲ್ಲಿಂದ ಕಾಣುವುದೇ ಬೇರೆ. ಕೆಳಗೆ ಹೆಸರುಕಾಳಿನ ಹೊಲ ಹಸಿರು, ಪಕ್ಕದಲ್ಲೇ ಹಿಂಗಾರಿಗೆ ಬಿಟ್ಟ ಎರೆ ಹೊಲ ಕಪ್ಪು. ಮೋಡದ ನೆರಳು ಬದು ದಾಟಿ ಬದು ದಾಟಿ ಓಡುತ್ತಿರುತ್ತದೆ. ಒಂದು ನೆರಳು ಗುಡ್ಡ ಹತ್ತಿ ನಮ್ಮ ಮೇಲೇ ಬಂತು, ಮೈ ತಣ್ಣಗಾಯಿತು, ದಾಟಿ ಹೋಯಿತು. ಫೋಟೋ ತೆಗೆದೆ, ಏನೂ ಬರಲಿಲ್ಲ ಬಿಡಿ.

ಒಂದು ಮಾತು. 2019ರಿಂದ ಅದು ವನ್ಯಜೀವಿ ಧಾಮ. ಚಿರತೆ, ಕತ್ತೆಕಿರುಬ ಇರುವ ಕಾಡು. ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡೇ ಹೊರಡೋಣ, ಬೆಳಗ್ಗೆ ಬೇಗ ಹತ್ತಿ ಬಿಸಿಲೇರುವ ಮೊದಲು ಇಳಿಯೋಣ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದು ಎಷ್ಟೋ ಔಷಧಿ ಗಿಡ ಸುಟ್ಟಿವೆ. ಬೀಡಿ, ಕಡ್ಡಿಪೆಟ್ಟಿಗೆ ಮನೆಯಲ್ಲೇ ಇರಲಿ. ಮಾಮಾ, ನಿಮಗೇ ಹೇಳ್ತಿರೋದು. ಸೊಪ್ಪು, ಬೇರು ಅಂತ ಯಾರೂ ಕಿತ್ತುಕೊಂಡು ಬರೋದು ಬೇಡ.

ಕಾಕೂಗೆ ಮೊಣಕಾಲು ನೋವು ಜಾಸ್ತಿ ಅಲ್ವಾ? ಅವರು ಕಪ್ಪತಮಲ್ಲಯ್ಯನ ಗುಡಿಯಲ್ಲೇ ಕೂತಿರಲಿ, ಅವ್ವ ಜೊತೆಗಿರುತ್ತಾಳೆ. ಬರುವಾಗ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ನೋಡೋಣ. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಕಟ್ಟಿದ ಗೋಡೆ, ಹುಡುಗರು ಎಣಿಸುತ್ತಾ ಸುತ್ತಲಿ.

ರೊಟ್ಟಿ ಯಾರು ಮಾಡ್ತೀರಿ ಅಂತ ಇವತ್ತು ರಾತ್ರಿಯೊಳಗೆ ಹೇಳಿ. ಚಟ್ನಿಪುಡಿಗೆ ಮೊಸರು ಕಲಸಿಯೇ ಡಬ್ಬಿಗೆ ಹಾಕಿ.